ಸರೆಂಡರ್ ವ್ಯಾಲ್ಯೂ

2000ನೇ ಇಸವಿಯಲ್ಲಿ ನಮ್ಮ ತಾಯಿಯ ಕಣ್ಣಿನ ಆಪರೇಷನ್ನಿಗೆ ದುಡ್ಡು ಸಾಲದೆ ಬಂದಾಗ ನಾನು ಎಲ್‌ಐಸಿ ಆಫೀಸಿಗೆ ಹೋಗಿ ನನ್ನ ಪಾಲಿಸಿಯನ್ನು ಅರ್ಧಕ್ಕೇ ನಿಲ್ಲಿಸಿಬಿಟ್ಟೆ. ನೌಕರಿಗೆ ಸೇರಿದ ವರ್ಷವೇ ಮಾಡಿಸಿದ ಪಾಲಿಸಿ. ತಿಂಗಳು ತಿಂಗಳೂ ಪಗಾರದಲ್ಲೇ ಕಂತು ಮುರಿದುಕೊಳ್ಳುತ್ತಿದ್ದರು. ಕೌಂಟರಿನಲ್ಲಿದ್ದವರು ಏನೇನೋ ಕೂಡಿ ಕಳೆದು, "ನಿಮ್ಮ ಸರೆಂಡರ್ ವ್ಯಾಲ್ಯೂ ಇಷ್ಟು ಬರತದ ನೋಡ್ರಿ ಮೇಡಂ" ಎಂದು ಒಂದು ಚೀಟಿಯ ಮೇಲೆ ಬರೆದು ತೋರಿಸಿದರು. ನಾನು ತುಂಬಿದ್ದಕ್ಕಿಂತ ಕಡಿಮೆಯೇ ಇತ್ತು. ಮೂರು ವರ್ಷ ತುಂಬುವುದರೊಳಗೆ ಬಿಟ್ಟಿದ್ದರೆ ಅದೂ ಇಲ್ಲ ಎಂದರು. ಹೊಟ್ಟೆ ಉರಿಯಿತು. ಆದರೂ ಏನೋ ಒಂದಿಷ್ಟು ಕೈಗೆ ಬಂತಲ್ಲ ಎಂದುಕೊಂಡು ಸಹಿ ಹಾಕಿ ಬಂದೆ.

ಮರುವರ್ಷ ನನ್ನನ್ನು ಬೆಂಗಳೂರಿನ ಜ್ಞಾನಭಾರತಿ ಆವರಣದಲ್ಲಿರುವ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಗೆ ಮೂವತ್ತು ದಿನಗಳ ತರಬೇತಿಗೆ ಕಳಿಸಿದರು. ಸಂಸಾರ ಮಾಡುವ ಹೆಂಗಸಿಗೆ ಮೂವತ್ತು ದಿನ ಒಲೆಯ ಮುಂದೆ ನಿಲ್ಲದೆ ಇರುವುದು ಎಂದರೆ ಏನೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಸಂಜೆ ಚಹಾ ಆದ ಮೇಲೆ ಉಳಿದವರು ಮೆಜೆಸ್ಟಿಕ್ಕಿಗೆ ಸೀರೆ ನೋಡಲು ಹೋದರೆ ನಾನು ಗ್ರಂಥಾಲಯದಲ್ಲಿ ಕೂತುಬಿಡುತ್ತಿದ್ದೆ. ಅದರಲ್ಲಿ ದೊಡ್ಡಸ್ತಿಕೆ ಏನೂ ಇಲ್ಲ. ಬೆಳಗಿನ ಹೊತ್ತು ಎಲ್ಲರ ಮುಂದೆ ಎದ್ದು ನಿಂತು ಇಂಗ್ಲಿಷಿನಲ್ಲಿ ನಾಲ್ಕು ಮಾತು ಆಡಬೇಕಾಗುತ್ತಿತ್ತು. ಆರು ವರ್ಷ ಇಂಗ್ಲಿಷ್ ಕಲಿಸಿದ್ದ ನನಗೆ ಆ ನಾಲ್ಕು ಮಾತಿಗೆ ನಾಲಿಗೆ ಒಣಗುತ್ತಿತ್ತು. ಆ ಅವಮಾನ ಮುಚ್ಚಿಕೊಳ್ಳಲು ಪುಸ್ತಕದ ಮೊರೆ ಹೋದದ್ದು, ಅಷ್ಟೆ.

ಹಾಗೆ ಓದುತ್ತಿದ್ದಾಗ ಇಂಗ್ಲಿಷ್ ಬೋಧನೆಯ ಚರಿತ್ರೆಯ ಒಂದು ಪುಸ್ತಕದಲ್ಲಿ ಆ ಎಲ್‌ಐಸಿ ಶಬ್ದ ಎದುರಾಯಿತು. ಸರೆಂಡರ್ ವ್ಯಾಲ್ಯೂ! ಅದನ್ನು ಬಳಸಿದವನು ವಿಮೆಯವನಲ್ಲ, ಮೈಕೇಲ್ ವೆಸ್ಟ್ ಎಂಬ ಮೇಷ್ಟ್ರು. ಇಂಗ್ಲೆಂಡಿನವನು, ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನ ಮುಖ್ಯಸ್ಥನಾಗಿದ್ದವನು. ಢಾಕಾ ಆಗ ನಮ್ಮ ಬಂಗಾಳದ ಊರು. 1926ರಲ್ಲಿ ಅವನು ದ್ವಿಭಾಷಿಕತೆಯ ಬಗ್ಗೆ, ವಿಶೇಷವಾಗಿ ಬಂಗಾಳವನ್ನು ಕುರಿತು, ಒಂದು ದೊಡ್ಡ ಪುಸ್ತಕ ಬರೆದ. ಬಂಗಾಳದ ಮಕ್ಕಳಲ್ಲಿ ಬಹುಪಾಲು ಶಾಲೆಯನ್ನು ನಡುವೆಯೇ ಬಿಟ್ಟುಹೋಗುತ್ತವೆ. ನಾವು ಇಂಗ್ಲಿಷ್ ಕಲಿಸುವ ಕ್ರಮ ಮಾತ್ರ ಕೊನೆಯವರೆಗೆ ಓದುವವರಿಗಾಗಿ ಇದೆ. ನಡುವೆ ಬಿಟ್ಟ ಮಗುವಿನ ಕೈಯಲ್ಲಿ ಏನು ಉಳಿಯುತ್ತದೆ? ಎರಡು ವರ್ಷ ಕಲಿತು ಬಿಟ್ಟವನಿಗೆ ಎರಡು ವರ್ಷದ ಬೆಲೆಯ ಉಪಯೋಗ ಸಿಗಬೇಡವೆ? ಅವನು ಕೇಳಿದ ಪ್ರಶ್ನೆ ಇದು. ಮಾತಾಡುವ ಇಂಗ್ಲಿಷ್ ಅರ್ಧ ಬಂದರೆ ಅದರಿಂದ ಪ್ರಯೋಜನವಿಲ್ಲ, ಓದುವ ಇಂಗ್ಲಿಷ್ ಅರ್ಧ ಬಂದರೂ ಅರ್ಧ ಪ್ರಯೋಜನ ಇದ್ದೇ ಇದೆ ಎಂದು ಅವನ ಲೆಕ್ಕ. ಆದ್ದರಿಂದ ಮೊದಲು ಓದಲು ಕಲಿಸಿ ಎಂದ. ಪುಟಕ್ಕೆ ಹತ್ತಾರು ಹೊಸ ಶಬ್ದ ಸುರಿಯದೆ ಒಂದೊಂದಾಗಿ ತಂದು, ತಂದದ್ದನ್ನು ಮತ್ತೆ ಮತ್ತೆ ಬಳಸುವ ರೀಡರುಗಳನ್ನು ತಾನೇ ಬರೆದ. 'ನ್ಯೂ ಮೆಥಡ್' ರೀಡರುಗಳೆಂದು ಅವಕ್ಕೆ ಹೆಸರಾಯಿತು.

ಅವನ ಲೆಕ್ಕ ಪೂರ್ತಿ ಸರಿಯೆಂದು ನಾನು ಹೇಳಲಾರೆ. ಅರ್ಧ ಮಾತು ಬಲ್ಲ ಬೀದಿಯ ವ್ಯಾಪಾರಿ ಹಂಪಿಯಲ್ಲಿ ಪರದೇಶದವರೊಂದಿಗೆ ಚೌಕಾಸಿ ಮಾಡುವುದನ್ನು ಅವನು ಕಂಡಿರಲಿಲ್ಲ. ಆದರೆ ಪ್ರಶ್ನೆ ನನ್ನನ್ನು ಹಿಡಿದು ಕೂರಿಸಿತು. ನಾವು ಹೈಸ್ಕೂಲಿನ ಮೇಷ್ಟ್ರುಗಳು ಯಾವತ್ತೂ ಲೆಕ್ಕ ಹಾಕುವುದು ಪಾಸಾದವರನ್ನು. ಅರ್ಧಕ್ಕೆ ಬಿಟ್ಟವರ ಪಾಸ್‌ಬುಕ್ಕನ್ನು ಯಾರು ತೆಗೆದು ನೋಡುತ್ತಾರೆ?

ಆ ರಾತ್ರಿ ಹಾಸ್ಟೆಲಿನಲ್ಲಿ ನನಗೆ ನೆನಪಾದದ್ದು 1998ರ ಬ್ಯಾಚಿನ ಒಬ್ಬ ಹುಡುಗಿ. ಎರಡನೇ ಸಾಲಿನ ಬೆಂಚಿನ ಗೋಡೆಯ ಕಡೆ ಕೂರುತ್ತಿದ್ದಳು. ತಂದೆ ಎಪಿಎಂಸಿಯಲ್ಲಿ ಹಮಾಲಿ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೆ ಮೂವತ್ತೊಂದು ಬಂತು. ನಾಲ್ಕು ಅಂಕಕ್ಕೆ ಹೋದಳು, ಉಳಿದದ್ದೆಲ್ಲ ಪಾಸು. ಪ್ರವಾಸಕ್ಕೆ ಹಣ ಕಳಿಸಬೇಕೆಂದು ಹಾಸ್ಟೆಲಿನಿಂದ ತಂದೆಗೆ ಬರೆಯುವ ಪತ್ರವನ್ನು ಅವಳಿಗೆ ನಾನೇ ಬಾಯಿಪಾಠ ಮಾಡಿಸಿದ್ದೆ. ಒಂದು ಅಕ್ಷರ ತಪ್ಪದೆ ಒಪ್ಪಿಸುತ್ತಿದ್ದಳು. ಅವಳು ಯಾವ ಹಾಸ್ಟೆಲನ್ನೂ ಕಂಡವಳಲ್ಲ, ಪ್ರವಾಸಕ್ಕೂ ಬಂದವಳಲ್ಲ, ತಂದೆಯೊಂದಿಗೆ ಒಂದೇ ಕೋಣೆಯಲ್ಲಿ ಇರುವವಳು. ಆ ವರ್ಷದ ಪ್ರಶ್ನೆಪತ್ರಿಕೆಯಲ್ಲಿ ಪತ್ರ ಬೇರೆಯದು ಬಂತು. ಅವಳು ಕಲಿತದ್ದನ್ನೇ ಬರೆದು ಬಂದಳು.

ಇಂಗ್ಲಿಷ್ ಶಿಕ್ಷಣದ ಚರಿತ್ರೆಯೆಂದರೆ 1835ರ ಮೆಕಾಲೆಯನ್ನು ಬೈಯುವುದರಿಂದ ಶುರುಮಾಡುವುದು ರೂಢಿ. ನನಗೆ ಮೆಕಾಲೆಗಿಂತ 1857 ಮುಖ್ಯವಾಗಿ ಕಾಣುತ್ತದೆ. ಸಿಪಾಯಿ ದಂಗೆಯ ಆ ವರ್ಷವೇ ಕಲ್ಕತ್ತಾ, ಮುಂಬಯಿ, ಮದ್ರಾಸುಗಳಲ್ಲಿ ವಿಶ್ವವಿದ್ಯಾಲಯಗಳು ಹುಟ್ಟಿದವು. ಅವು ಮೊದಮೊದಲು ಪಾಠ ಹೇಳುವ ಸಂಸ್ಥೆಗಳೇ ಅಲ್ಲ, ಪರೀಕ್ಷೆ ನಡೆಸುವ ಸಂಸ್ಥೆಗಳು. ಅವುಗಳ ಬಾಗಿಲು ಮೆಟ್ರಿಕ್ಯುಲೇಷನ್. ಧಾರವಾಡದ ಹುಡುಗ ಮುಂಬಯಿಯ ಬಾಗಿಲು ತಟ್ಟಬೇಕು, ಬಳ್ಳಾರಿ ಮಂಗಳೂರಿನವನು ಮದ್ರಾಸಿನದು. ಮೈಸೂರಿನವರಿಗೂ 1916ರಲ್ಲಿ ತಮ್ಮದೇ ವಿಶ್ವವಿದ್ಯಾಲಯ ಆಗುವವರೆಗೆ ಮದ್ರಾಸೇ ಗತಿ. ಕಾಲೇಜಿಗೆ ಯಾರನ್ನು ಒಳಗೆ ಬಿಡಬೇಕು, ಯಾರನ್ನು ಹೊರಗೆ ನಿಲ್ಲಿಸಬೇಕು ಎಂದು ತೀರ್ಮಾನಿಸುವುದು ಆ ಪರೀಕ್ಷೆಯ ಕೆಲಸ. ಹೊರಗೆ ನಿಂತವನಿಗೆ ಏನು ಬರುತ್ತದೆ ಎಂದು ಕೇಳುವುದು ಅದರ ಕೆಲಸವಾಗಿರಲಿಲ್ಲ. ಸೇರು ಎಷ್ಟೇ ಚೊಕ್ಕವಾಗಿದ್ದರೂ ಅದರಿಂದ ಬಟ್ಟೆ ಅಳೆಯಲಾಗುವುದಿಲ್ಲವಲ್ಲ! ಹೆಸರು ಬದಲಾಗುತ್ತ ಬಂತು, ಎಸ್ಸೆಸ್ಸೆಲ್ಸಿ ಆಯಿತು, ಆದರೆ ಗುಣ ಆ ಬಾಗಿಲಿನದೇ.

ಆ ಬಾಗಿಲಿನಲ್ಲಿ ಎಡವಿದವರಲ್ಲಿ ಆರ್. ಕೆ. ನಾರಾಯಣ್ ಕೂಡ ಒಬ್ಬರು. ಅವರ ತಂದೆ ಮೈಸೂರಿನ ಮಹಾರಾಜಾ ಹೈಸ್ಕೂಲಿನಲ್ಲಿ ಹೆಡ್‌ಮಾಸ್ತರು. ಆದರೂ ಮಗ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ನಪಾಸು. ಒಂದು ವರ್ಷ ಮನೆಯಲ್ಲೇ ಕೂತು ಮನಸ್ಸಿಗೆ ಬಂದದ್ದನ್ನೆಲ್ಲ ಓದಿದರು. ಜಗತ್ತಿಗೇ ಇಂಗ್ಲಿಷಿನಲ್ಲಿ ಕಥೆ ಹೇಳಿದವರ ಸಂಗತಿ ಇದು. ಮನೆತುಂಬ ಪುಸ್ತಕವಿದ್ದ ಹುಡುಗನಿಗೆ ನಪಾಸಾದ ವರ್ಷವೂ ಓದಿನ ವರ್ಷವಾಯಿತು. ನಮ್ಮ ಹಮಾಲಿಯ ಮಗಳಿಗೆ ಅದು ಹೊಲಿಗೆ ಕ್ಲಾಸಿನ ವರ್ಷವಾಯಿತು, ಆಮೇಲೆ ಮದುವೆ.

ನಾನು ಇಂಗ್ಲಿಷ್ ಕಲಿತ ಬಗೆಯೂ ಚರಿತ್ರೆಗೆ ಸೇರಿದ್ದೇ. 1980ರಲ್ಲಿ ಐದನೇ ಇಯತ್ತೆಗೆ ಬಂದಾಗ ಎಬಿಸಿಡಿ ಶುರು. ನಮ್ಮ ಮಾಸ್ತರರು ಪುಸ್ತಕವನ್ನು ಎತ್ತಿಹಿಡಿದು "ದಿಸ್ ಈಸ್ ಎ ಬುಕ್" ಎನ್ನುವರು, ನಾವು ನಲವತ್ತು ಮಂದಿ ಹಾಗೆಯೇ ಕೂಗುವೆವು. ಬಾಗಿಲ ಕಡೆ ನಡೆಯುತ್ತ "ಐ ಆ್ಯಮ್ ವಾಕಿಂಗ್ ಟು ದಿ ಡೋರ್" ಎನ್ನುವರು. ಅವರು ಬಾಗಿಲು ದಾಟಿ ಹಾಗೇ ಮನೆಗೆ ಹೋಗಿಬಿಟ್ಟರೆ ಚೆನ್ನಾಗಿತ್ತು ಎಂದು ನಾವು ಆಸೆಪಡುತ್ತಿದ್ದೆವು. ಇದು ಮಾಸ್ತರರ ಹುಚ್ಚಲ್ಲ, 'ಸ್ಟ್ರಕ್ಚರಲ್' ಪದ್ಧತಿ ಎಂಬ ಶಾಸ್ತ್ರ ಎಂದು ತಿಳಿದದ್ದು ಬಿಎಡ್ ಮಾಡುವಾಗ. ಲಂಡನ್ನಿನಲ್ಲಿ ರೂಪುಗೊಂಡು 1950ರ ದಶಕದಲ್ಲಿ ಮದ್ರಾಸಿನ ಶಾಲೆಗಳಿಗೆ ಇಳಿದು ಅಲ್ಲಿಂದ ಹರಡಿದ ಕ್ರಮ ಅದು. ವಾಕ್ಯದ ಅಚ್ಚುಗಳನ್ನು ಸುಲಭದಿಂದ ಕಠಿಣಕ್ಕೆ ಜೋಡಿಸುವುದು, ಒಂದೊಂದನ್ನೂ ಬಾಯಲ್ಲಿ ತಿಕ್ಕಿ ತಿಕ್ಕಿ ಕೂರಿಸುವುದು. 1959ರ ಹೊತ್ತಿಗೆ ಮದ್ರಾಸಿನಲ್ಲಿ ಕೆಲವರಿಗೆ ತರಬೇತಿ ಕೊಟ್ಟು, ಅವರು ಮತ್ತಷ್ಟು ಮಂದಿಗೆ, ಅವರು ಇನ್ನಷ್ಟು ಮಂದಿಗೆ ಕೊಡುವ ದೊಡ್ಡ ಆಂದೋಲನವೇ ನಡೆಯಿತು. ಅದಕ್ಕೂ ಮುಂಚೆ 1958ರಲ್ಲಿ ಹೈದರಾಬಾದಿನಲ್ಲಿ ಕೇಂದ್ರ ಇಂಗ್ಲಿಷ್ ಸಂಸ್ಥೆ ಆಗಿತ್ತು. 1963ರಲ್ಲಿ ದಕ್ಷಿಣದ ನಾಲ್ಕು ರಾಜ್ಯಗಳಿಗಾಗಿ ಬೆಂಗಳೂರಿನದು ಆಯಿತು.

ಹೈದರಾಬಾದಿನ ಆ ಸಂಸ್ಥೆಗೆ ಕೆಲವು ವರ್ಷ ನಿರ್ದೇಶಕರಾಗಿದ್ದವರು ನಮ್ಮ ವಿ. ಕೃ. ಗೋಕಾಕರು ಎಂಬುದನ್ನು ತಿಳಿದಾಗ ನನಗೆ ಸೋಜಿಗವಾಯಿತು. ದೇಶಕ್ಕೆಲ್ಲ ಇಂಗ್ಲಿಷ್ ಕಲಿಸುವ ಬಗೆ ಹೇಳಿಕೊಡುವ ಸಂಸ್ಥೆಯನ್ನು ನಡೆಸಿದವರೇ ಕನ್ನಡಕ್ಕೆ ಶಾಲೆಯಲ್ಲಿ ಮೊದಲ ಸ್ಥಾನ ಬೇಕೆಂದು 1981ರ ಜನವರಿಯಲ್ಲಿ ಸರಕಾರಕ್ಕೆ ವರದಿ ಕೊಟ್ಟರು! ಸೋಜಿಗ ಪಡಬೇಕಾದದ್ದಿಲ್ಲ ಎಂದು ಈಗ ಅನ್ನಿಸುತ್ತದೆ. ಮೈಸೂರಿನ ಇಂಗ್ಲಿಷ್ ಪ್ರಾಧ್ಯಾಪಕರಾದ ಬಿ. ಎಂ. ಶ್ರೀಕಂಠಯ್ಯನವರು 1911ರಲ್ಲೇ ಧಾರವಾಡಕ್ಕೆ ಬಂದು ಕನ್ನಡ ತಲೆ ಎತ್ತುವ ಬಗೆ ಹೇಳಿಹೋಗಿದ್ದರು. ಎರಡೂ ಭಾಷೆಗಳನ್ನು ಸರಿಯಾಗಿ ಬಲ್ಲವರಿಗೆ ಯಾವುದರ ಜಾಗ ಯಾವುದೆಂದು ಗೊತ್ತಿರುತ್ತದೆ. 1982ರಲ್ಲಿ ಗೋಕಾಕ ಚಳವಳಿ ನಡೆದಾಗ ನಾನು ಏಳನೆಯ ಇಯತ್ತೆ. ರಾಜ್‌ಕುಮಾರ್ ಇಳಿದ ಮೇಲಂತೂ ಊರಿಗೆ ಊರೇ ಎದ್ದಿತು. ನಮಗೆ ಶಾಲೆಗೆ ರಜೆ ಸಿಕ್ಕಿತು, ಇಂಗ್ಲಿಷ್ ಟೆಸ್ಟು ಮುಂದೆ ಹೋಯಿತು. ಕನ್ನಡದ ಮೇಲೆ ನನ್ನ ಪ್ರೀತಿ ಅಂದು ಒಂದು ಹಿಡಿ ಹೆಚ್ಚಾಯಿತು ಎಂದು ಒಪ್ಪಿಕೊಳ್ಳುತ್ತೇನೆ.

ಅದೇ ವರ್ಷಗಳಲ್ಲಿ, ನಾವು ಇಲ್ಲಿ "ದಿಸ್ ಈಸ್ ಎ ಬುಕ್" ಎಂದು ಕೂಗುತ್ತಿದ್ದಾಗ, ಬೆಂಗಳೂರಿನಲ್ಲಿ ಬೇರೊಂದು ನಡೆದಿತ್ತು. ತರಬೇತಿಯಲ್ಲಿ ನನಗೆ ನಿಜವಾಗಿ ಸಿಕ್ಕ ಗಂಟು ಅದು. ಎನ್. ಎಸ್. ಪ್ರಭು ಎಂಬುವರು ಮದ್ರಾಸಿನ ಬ್ರಿಟಿಷ್ ಕೌನ್ಸಿಲಿನಲ್ಲಿದ್ದರು. ಮಕ್ಕಳು ತರಗತಿಯಲ್ಲಿ ಅಚ್ಚುಕಟ್ಟಾಗಿ ಹೇಳುವ ವಾಕ್ಯ ತರಗತಿಯ ಹೊರಗೆ ಏಕೆ ಬರುವುದಿಲ್ಲ ಎಂಬುದು ಅವರ ಚಿಂತೆ. ವ್ಯಾಕರಣವನ್ನು ಮುಂದಿಟ್ಟು ಕಲಿಸಿದರೆ ವ್ಯಾಕರಣ ಬರುತ್ತದೆ ಎಂಬ ನಂಬಿಕೆಯೇ ತಪ್ಪಿರಬಹುದು, ಅರ್ಥದ ಹಿಂದೆ ಮನಸ್ಸು ಓಡುತ್ತಿರುವಾಗ ವ್ಯಾಕರಣ ತನ್ನಷ್ಟಕ್ಕೆ ಒಳಗೆ ಇಳಿಯುತ್ತದೆ ಎಂದು ಅವರಿಗೆ ಅನ್ನಿಸಿತು. ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಜೊತೆಗೂಡಿ 1979ರಲ್ಲಿ ಶುರುಮಾಡಿ 1984ರವರೆಗೆ ಬೆಂಗಳೂರು, ಮದ್ರಾಸು ಮುಂತಾದ ಕಡೆಯ ಕೆಲವು ಸಾಮಾನ್ಯ ಶಾಲೆಗಳಲ್ಲಿ ಅದನ್ನು ಮಾಡಿ ನೋಡಿದರು. ಜಗತ್ತಿನ ಇಂಗ್ಲಿಷ್ ಮೇಷ್ಟ್ರುಗಳೆಲ್ಲ ಇದನ್ನು 'ಬ್ಯಾಂಗಲೋರ್ ಪ್ರಾಜೆಕ್ಟ್' ಎಂದು ಕರೆಯುತ್ತಾರೆ. ನಮ್ಮ ಬೆಂಗಳೂರಿನ ಹೆಸರು ಹೊತ್ತ ಈ ಪ್ರಯೋಗವನ್ನು ನನ್ನ ಬಿಎಡ್ ನೋಟ್ಸಿನಲ್ಲಿ ಎಲ್ಲೂ ಕಂಡ ನೆನಪಿಲ್ಲ.

ಆ ತರಗತಿ ಹೇಗಿತ್ತೆಂದರೆ, ಅಲ್ಲಿ ಇಂಗ್ಲಿಷ್ ಪಾಠವೇ ಇರಲಿಲ್ಲ. ಇಂಗ್ಲಿಷಿನಲ್ಲಿ ಬಿಡಿಸುವ ಒಗಟು ಇರುತ್ತಿತ್ತು. ಒಂದು ರೈಲಿನ ವೇಳಾಪಟ್ಟಿ, ಇಲ್ಲವೆ ಒಂದು ಊರಿನ ನಕ್ಷೆ. ಟೀಚರು ಮೊದಲು ಅಂಥದೇ ಒಂದನ್ನು ಇಡೀ ತರಗತಿಯ ಜೊತೆ ಪ್ರಶ್ನೆ ಕೇಳುತ್ತ ಕೇಳುತ್ತ ಬಿಡಿಸುವರು. ಆಮೇಲೆ ಮತ್ತೊಂದನ್ನು ಕೊಟ್ಟು, ನೀವೇ ಮಾಡಿ ಎನ್ನುವರು. ಅಂಕ ಕೊಡುವುದು ಉತ್ತರ ಸರಿಯೇ ಎಂದು ನೋಡಿ, ವಾಕ್ಯ ಸರಿಯೇ ಎಂದಲ್ಲ. ಹುಡುಗಿ ತಪ್ಪು ಇಂಗ್ಲಿಷಿನಲ್ಲಿ ಉತ್ತರ ಹೇಳಿದರೆ ಟೀಚರು ಅದನ್ನೇ ಸರಿಯಾಗಿ ತಿರುಗಿ ಹೇಳಿ ಮುಂದೆ ಹೋಗುವರು, ಮನೆಯಲ್ಲಿ ನಾವು ಸಣ್ಣ ಮಕ್ಕಳ ತೊದಲು ಮಾತಿಗೆ ಮಾಡುತ್ತೇವಲ್ಲ ಹಾಗೆ. ಬಲವಂತವಾಗಿ ಮಾತಾಡಿಸುವಂತಿಲ್ಲ. ಮಕ್ಕಳನ್ನು ಗುಂಪು ಮಾಡಿ ಕೂರಿಸುವಂತೆಯೂ ಇಲ್ಲ. ಒಬ್ಬರ ತಪ್ಪು ಇಂಗ್ಲಿಷನ್ನು ಮತ್ತೊಬ್ಬರು ಕೇಳಿ ಅದೇ ಗಟ್ಟಿಯಾಗಿಬಿಟ್ಟೀತು ಎಂಬ ಆತಂಕ ಪ್ರಭುಗಳಿಗಿತ್ತು. ಎಲ್ಲದಕ್ಕೂ ಗುಂಪು ಚಟುವಟಿಕೆ ಎನ್ನುವ ತರಬೇತಿದಾರರಿಗೆ ಇದನ್ನು ಹೇಳಿದಾಗ ಅವರು ನನ್ನ ಮುಖ ನೋಡುತ್ತಾರೆ.

1987ರಲ್ಲಿ ಆಕ್ಸ್‌ಫರ್ಡ್ ಪ್ರೆಸ್ಸಿನಿಂದ ಬಂದ ಅವರ ಪುಸ್ತಕದಲ್ಲಿ ನನಗೆ ತುಂಬ ಹಿಡಿಸಿದ್ದು ಒಂದು ಅಡಿಗೆಮನೆಯ ಅಂದಾಜು. ಒಗಟು ಎಷ್ಟು ಕಠಿಣ ಇರಬೇಕು? ತರಗತಿಯ ಸುಮಾರು ಅರ್ಧದಷ್ಟು ಮಕ್ಕಳಿಗೆ ಅದರ ಸುಮಾರು ಅರ್ಧ ಭಾಗ ಬರುವಂತಿರಬೇಕು. ಅದಕ್ಕಿಂತ ಕಡಿಮೆ ಬಂದರೆ ತಪ್ಪು ಮಕ್ಕಳದಲ್ಲ, ಒಗಟು ಕೊಟ್ಟವರದು, ಮರುದಿನ ಸುಲಭ ಮಾಡಿ. ಮೂವತ್ತೊಂದು ಅಂಕದ ಹುಡುಗಿಯ ಉತ್ತರಪತ್ರಿಕೆಯನ್ನು ಈ ಅಂದಾಜಿನಿಂದ ನೋಡಿದರೆ ನಪಾಸಾದವರು ಯಾರು?

ಐದು ವರ್ಷವಾದ ಮೇಲೆ ಸಹಜವಾದ ಪ್ರಶ್ನೆ ಎದ್ದಿತು. ಇವರಿಗೆ ಇಂಗ್ಲಿಷ್ ಬಂತೋ ಇಲ್ಲವೋ? 1984ರಲ್ಲಿ ಅಳೆಯಲು ಬಂದವರು ಅಲನ್ ಬೆರೆಟಾ ಮತ್ತು ಅಲನ್ ಡೇವೀಸ್. ಯಾವ ಪರೀಕ್ಷೆಯಿಂದ ಅಳೆಯಬೇಕು ಎಂಬುದೇ ಅವರಿಗೆ ಕಗ್ಗಂಟಾಯಿತು. ವ್ಯಾಕರಣದ ಪರೀಕ್ಷೆ ಕೊಟ್ಟರೆ ಹಳೆಯ ಕ್ರಮದವರು ಗೆಲ್ಲುತ್ತಾರೆ, ಒಗಟಿನ ಪರೀಕ್ಷೆ ಕೊಟ್ಟರೆ ಹೊಸಬರು. ಅವರು ಜಾಣತನದಿಂದ ಐದು ಬಗೆಯ ಪರೀಕ್ಷೆ ಕೊಟ್ಟರು. ಒಂದು ಹಳಬರಿಗೆ ಒಗ್ಗಿದ್ದು, ಒಂದು ಹೊಸಬರಿಗೆ ಒಗ್ಗಿದ್ದು, ಮೂರು ಇಬ್ಬರಿಗೂ ಸೇರದವು. ಅವೆಂದರೆ ಸಂದರ್ಭದೊಳಗಿನ ವ್ಯಾಕರಣ, ಉಕ್ತಲೇಖನ, ಕೇಳಿ ಅಥವಾ ಓದಿ ತಿಳಿಯುವುದು. ಸ್ಥೂಲವಾಗಿ ಹೇಳುವುದಾದರೆ ತಂತಮ್ಮ ಪರೀಕ್ಷೆಯಲ್ಲಿ ತಂತಮ್ಮವರೇ ಮುಂದಾದರು. ಇಬ್ಬರಿಗೂ ಸೇರದ ವ್ಯಾಕರಣ ಮತ್ತು ಉಕ್ತಲೇಖನದಲ್ಲಿ ಹೊಸಬರ ಕೈ ಮೇಲಾಯಿತು. ವ್ಯಾಕರಣವನ್ನು ಹೆಸರು ಹೇಳಿ ಕಲಿಸದಿದ್ದರೂ ಅದು ಮಕ್ಕಳಿಗೆ ಇಳಿಯುತ್ತದೆ ಎಂಬುದಕ್ಕೆ ಅಷ್ಟು ಆಧಾರ ಸಿಕ್ಕಿತು. ಆದರೂ ಅವರು ಡಂಗುರ ಹೊಡೆಯಲಿಲ್ಲ. ಮಕ್ಕಳನ್ನು ಚೀಟಿ ಎತ್ತಿ ಎರಡು ಪಂಗಡ ಮಾಡಿದ್ದಲ್ಲ, ಇದ್ದ ತರಗತಿಗಳನ್ನೇ ಹೋಲಿಸಿದ್ದು, ಟೀಚರುಗಳೂ ಸಮಸಮ ಇರಲಿಲ್ಲ ಎಂದು ತಾವೇ ಬರೆದರು. ಮುಂದೆ ಬೆರೆಟಾ ಕಲಿಸಿದವರನ್ನೂ ಪರೀಕ್ಷಿಸಿದಾಗ ಮತ್ತೊಂದು ಸಂಗತಿ ಹೊರಬಿತ್ತು. ಹೊರಗಿನಿಂದ ಬಂದು ಕಲಿಸಿದ ತರಬೇತುದಾರರಿಗೆ ಈ ಕ್ರಮ ಒಗ್ಗಿತ್ತು, ದಿನನಿತ್ಯದ ಶಾಲಾ ಶಿಕ್ಷಕರಿಗೆ ಕಷ್ಟವಾಗಿತ್ತು. ಅದನ್ನು ಓದಿ ನನಗೆ ಸಮಾಧಾನವೂ ಆಯಿತು, ಸಿಟ್ಟೂ ಬಂತು. ವಾರಕ್ಕೆ ಮೂವತ್ತು ಪೀರಿಯಡ್ಡು, ಜನಗಣತಿ, ಚುನಾವಣೆ, ಎಲ್ಲ ಮುಗಿಸಿ ಬಂದು ಒಗಟು ಕಟ್ಟುವವರು ನಾವು ತಾನೆ.

ಊರಿಗೆ ಮರಳಿದ ಮೇಲೆ ನಾನೂ ಒಂದು ಕೈ ನೋಡಿದೆ. ಎಂಟನೇ ಇಯತ್ತೆ, ನಲವತ್ತೆಂಟು ಹುಡುಗಿಯರು. ಬಸ್‌ಸ್ಟ್ಯಾಂಡಿನ ಬೋರ್ಡುಗಳು ಕನ್ನಡದಲ್ಲಿರುವುದರಿಂದ ನಮ್ಮ ರೈಲ್ವೆ ಸ್ಟೇಷನ್ನಿನ ಪಟ್ಟಿಯನ್ನು ಇಂಗ್ಲಿಷಿನಲ್ಲಿ ಬರೆದುಕೊಂಡು ಬಂದು ಕರಿಹಲಗೆಯ ಮೇಲೆ ಹಾಕಿದೆ. ಮಧ್ಯಾಹ್ನ ಎರಡಕ್ಕೆ ಹುಬ್ಬಳ್ಳಿಯಲ್ಲಿ ಇರಬೇಕಾದರೆ ಯಾವ ಗಾಡಿ ಹತ್ತಬೇಕು, ಅದು ತಪ್ಪಿದರೆ ಎಷ್ಟು ಹೊತ್ತು ಕಾಯಬೇಕು, ಹೀಗೆ ಹತ್ತು ಪ್ರಶ್ನೆ. ಅರ್ಧ ದಾಟಿದವರು ಹನ್ನೊಂದೇ ಜನ. ಪ್ರಭುಗಳ ಅಂದಾಜಿನ ಪ್ರಕಾರ ನಾನು ನಪಾಸು. ಆದರೆ ಸಹಾಮಾಹಿ ಪರೀಕ್ಷೆಯಲ್ಲಿ ಹದಿನೆಂಟು ತೆಗೆದ ಒಬ್ಬಳು ಇದರಲ್ಲಿ ಹತ್ತಕ್ಕೆ ಒಂಬತ್ತು ತೆಗೆದಳು. ನನಗೆ ಹಿಗ್ಗೋ ಹಿಗ್ಗು. ನೋಡಿದಿರಾ, ನಮ್ಮ ಪರೀಕ್ಷೆ ಇವಳನ್ನು ಮುಚ್ಚಿಟ್ಟಿತ್ತು ಎಂದು ಸ್ಟಾಫ್‌ರೂಮಿನಲ್ಲಿ ಭಾಷಣ ಮಾಡಿದೆ. ಹಿಂದಿ ಕಲಿಸುವ ಅಕ್ಕೋರು ಚಹಾದ ಲೋಟ ಕೆಳಗಿಟ್ಟು, "ಅಕೀ ಅಪ್ಪ ರೈಲ್ವೇದಾಗ ಗ್ಯಾಂಗ್‌ಮನ್ ಅದಾನ್ರಿ. ಎಲ್ಲಾ ಗಾಡಿ ಟೈಮ್ ಅಕೀಗೆ ಬಾಯಿಪಾಠ" ಎಂದರು.

ಅಳೆಯುವುದರ ಕಷ್ಟ ನನಗೆ ಗೊತ್ತಾದದ್ದು ಆ ದಿನ. ಅವಳು ಇಂಗ್ಲಿಷ್ ಓದಿದಳೋ, ಗಾಡಿಗಳನ್ನು ಬಲ್ಲಳೋ? ನಾನು ಅಳೆದದ್ದು ಏನನ್ನು? ಹಾಗೆ ನೋಡಿದರೆ ಆ ಪತ್ರ ಬಾಯಿಪಾಠ ಮಾಡಿದವಳಿಗೆ ಅಂಕ ಬಂದಿದ್ದರೂ ನಾನು ಅಳೆದಿರುತ್ತಿದ್ದುದು ಇಂಗ್ಲಿಷನ್ನಲ್ಲ, ಜ್ಞಾಪಕಶಕ್ತಿಯನ್ನು. ಮರುವಾರ ಯಾರೂ ಕಂಡಿರದ ಊರುಗಳ ಹೆಸರು ಹಾಕಿ, ಇಲ್ಲದ ಗಾಡಿಗಳನ್ನು ಓಡಿಸಿ, ಪ್ರಶ್ನೆಗಳನ್ನು ಒಂದಿಷ್ಟು ಸಡಿಲಿಸಿ ಮತ್ತೆ ಕೊಟ್ಟೆ. ಗ್ಯಾಂಗ್‌ಮನ್ ಮಗಳಿಗೆ ಆರು ಬಂತು. ಅರ್ಧ ದಾಟಿದವರು ಇಪ್ಪತ್ತು. ಒಂಬತ್ತು ಅಲ್ಲ, ಹದಿನೆಂಟೂ ಅಲ್ಲ, ಅವಳ ಇಂಗ್ಲಿಷು ಇವೆರಡರ ನಡುವೆ ಎಲ್ಲೋ ಇತ್ತು. ಅದು ಎಲ್ಲಿದೆ ಎಂದು ತಿಳಿಯಲು ನನಗೆ ಎರಡು ವಾರ ಬೇಕಾಯಿತು, ಅದೂ ಒಬ್ಬಳದು.

ಇದನ್ನು ಬಹಳ ದಿನ ನಡೆಸಿದೆ ಎಂದು ಹೇಳಿಕೊಳ್ಳುವ ಹಾಗಿಲ್ಲ. ಹತ್ತನೆಯ ತರಗತಿ ಕೈಗೆ ಬಂದ ಕೂಡಲೇ ಶೇಕಡಾವಾರು ಫಲಿತಾಂಶದ ಸಭೆಗಳು ಶುರುವಾದವು. ನಿಮ್ಮ ವಿಷಯದಲ್ಲಿ ಎಷ್ಟು ಮಂದಿ ಹೋದರು ಎಂದು ಎಲ್ಲರ ಮುಂದೆ ಎಬ್ಬಿಸಿ ಕೇಳುವ ಸಭೆಗಳು. ನಾನು ಮತ್ತೆ ಬ್ಲೂಪ್ರಿಂಟು ಹಿಡಿದು ಪತ್ರ ಬಾಯಿಪಾಠಕ್ಕೆ ಮರಳಿದೆ. ಈಗ ಅದಕ್ಕೆ ಪಾಸಿಂಗ್ ಪ್ಯಾಕೇಜ್ ಎನ್ನುತ್ತಾರೆ. ಮೂವತ್ತೈದು ದಾಟಿಸುವ ವಿದ್ಯೆಯಲ್ಲಿ ನಾನು ಪಳಗಿದೆ, ನನ್ನ ವಿಷಯಕ್ಕೆ ನೂರಕ್ಕೆ ನೂರು ಬಂದ ವರ್ಷವೂ ಉಂಟು, ಹಾರವನ್ನೂ ಹಾಕಿಸಿಕೊಂಡೆ. ಹಾರ ಹಾಕಿದವರನ್ನು ದೂರಿ ಏನು ಮಾಡುವುದು? ಆ ಮೂವತ್ತೈದು ಇಲ್ಲದಿದ್ದರೆ ಹುಡುಗಿಯ ಕಾಲೇಜು ನಿಲ್ಲುತ್ತಿತ್ತು, ಕಾಲೇಜು ನಿಂತರೆ ಮದುವೆ ಮುಂದೆ ಬರುತ್ತಿತ್ತು. ಬಾಗಿಲು ಕೆಟ್ಟದ್ದು ಎಂದು ಬರೆಯುವುದು ಸುಲಭ. ಬಾಗಿಲಲ್ಲಿ ನಿಂತ ಮಗುವನ್ನು ಹೇಗಾದರೂ ಒಳಗೆ ನೂಕಬೇಕು ಎಂದು ಎದುರಿಗೆ ನಿಂತ ಟೀಚರಿಗೆ ಅನ್ನಿಸುತ್ತದೆ. ಪ್ರಭುಗಳು 1990ರಲ್ಲಿ ಬರೆದ ಇನ್ನೊಂದು ಲೇಖನದಲ್ಲಿ, ಎಲ್ಲರಿಗೂ ಒಪ್ಪುವ ಶ್ರೇಷ್ಠ ಪದ್ಧತಿ ಎಂಬುದಿಲ್ಲ, ಕಲಿಸುವವರ ಒಳಗೆ ತಾನು ಮಾಡುತ್ತಿರುವುದರಿಂದ ಕಲಿಕೆ ಆಗುತ್ತಿದೆ ಎಂಬ ನಂಬಿಕೆ ಜೀವಂತವಾಗಿರಬೇಕು, ಯಾಂತ್ರಿಕತೆಯೇ ನಿಜವಾದ ಶತ್ರು ಎಂಬ ಅರ್ಥದ ಮಾತು ಇದೆ. ಪಾಸಿಂಗ್ ಪ್ಯಾಕೇಜು ಕಲಿಸುವಾಗ ನನ್ನೊಳಗೆ ಅದು ಸತ್ತಿರುತ್ತಿತ್ತು.

ಆ ಮೂವತ್ತೊಂದು ಅಂಕದ ಹುಡುಗಿ ನನಗೆ ಮತ್ತೆ ಸಿಕ್ಕದ್ದು 2004ರಲ್ಲಿ, ತಾಲ್ಲೂಕು ಆಸ್ಪತ್ರೆಯ ಮೆಟ್ಟಿಲ ಮೇಲೆ. ಕಂಕುಳಲ್ಲಿ ವರ್ಷದ ಕೂಸು, ಮೈತುಂಬ ಬೆವರುಸಾಲೆ. ಕೈಯಲ್ಲಿ ಎರಡು ಬಾಟಲಿ. "ಅಕ್ಕೋರ, ಚಲೋ ಆತು ಸಿಕ್ಕ್ರಿ. ಇದರಾಗ ಕುಡಸೂದು ಯಾವದು, ಹಚ್ಚೂದು ಯಾವದು ನೋಡಿ ಹೇಳ್ರಿ" ಎಂದಳು. ಕಂಪೌಂಡರ್ ಹೇಳಿದ್ದನಂತೆ, ಗದ್ದಲದಲ್ಲಿ ಸರಿಯಾಗಿ ಕೇಳಿಸಿರಲಿಲ್ಲ. ಒಂದರ ಮೇಲೆ 'ಫಾರ್ ಎಕ್ಸ್‌ಟರ್ನಲ್ ಯೂಸ್ ಓನ್ಲಿ' ಎಂದಿತ್ತು. ಮೂರು ಸರಳ ಶಬ್ದ, ಒಂದು ಸ್ವಲ್ಪ ಕಠಿಣ. ಆರು ವರ್ಷ ಇಂಗ್ಲಿಷ್ ಕಲಿತವಳು, ಅದರಲ್ಲಿ ಮೂರು ವರ್ಷ ನನ್ನ ಕೈಯಲ್ಲಿ. ಯೂಸ್ ಎಂಬುದರ ಆ್ಯಕ್ಟಿವ್ ವಾಯ್ಸು, ಪ್ಯಾಸಿವ್ ವಾಯ್ಸು ಎರಡನ್ನೂ ಅವಳಿಂದ ಬರೆಸಿದ್ದೆ. ನಾನು ಓದಿ ಹೇಳಿದೆ. ಗುಲಾಬಿ ಬಣ್ಣದ ಬಾಟಲಿಯ ಕುತ್ತಿಗೆಗೆ ಅವಳು ಸೆರಗಿನ ದಾರ ಕಿತ್ತು ಕಟ್ಟಿಕೊಂಡಳು, ಗುರುತಿಗೆ. ನನಗೆ ಎಲ್‌ಐಸಿಯ ಚೀಟಿ ನೆನಪಾಯಿತು.

ಆಮೇಲೆ ಸರಕಾರದ ಆದೇಶಗಳು ಬಂದವು, ಹೋದವು. 2007ರಿಂದ ಕನ್ನಡ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂತು. 2014ರಲ್ಲಿ ಸುಪ್ರೀಂ ಕೋರ್ಟು ಮಾತೃಭಾಷೆಯ ಮಾಧ್ಯಮವನ್ನು ಕಡ್ಡಾಯ ಮಾಡುವಂತಿಲ್ಲ ಎಂದಿತು. 2019ರಲ್ಲಿ ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ತೆರೆದವು. ಹತ್ತನೆಯ ತರಗತಿಯ ನೂರರಲ್ಲಿ ಎಂಬತ್ತು ಬರವಣಿಗೆಗೆ, ಇಪ್ಪತ್ತು ನಮ್ಮ ಕೈಯ ಆಂತರಿಕ ಅಂಕ ಎಂದಾಯಿತು. ಕೇಳುವುದು, ಮಾತಾಡುವುದನ್ನು ಆ ಇಪ್ಪತ್ತರಲ್ಲಿ ಅಳೆಯಬಹುದಿತ್ತು. ನಾವು ಯಾರಿಗೂ ಹದಿನೆಂಟಕ್ಕೆ ಕಡಿಮೆ ಹಾಕುವುದಿಲ್ಲ. ಕರುಣೆಯಿಂದ ಅಂತ ಹೇಳುತ್ತೇವೆ. ಅಳೆಯಲು ಪುರುಸೊತ್ತಿಲ್ಲ ಎಂಬುದೂ ಅದರಲ್ಲಿ ಸೇರಿದೆ.

2016ರ ಜೂನಿನಲ್ಲಿ ಎಂಟನೆಯ ತರಗತಿಯ ಪ್ರವೇಶ ನಡೆದಿತ್ತು. ಮಳೆ ಹಿಡಿದುಕೊಂಡಿತ್ತು. ನಾನು ವರಾಂಡದ ಮೇಜಿನ ಮುಂದೆ ಅರ್ಜಿ ತೆಗೆದುಕೊಳ್ಳುತ್ತ ಕೂತಿದ್ದೆ. ಅವಳೇ ಬಂದಳು, ಮಗಳ ಕೈ ಹಿಡಿದುಕೊಂಡು. ಆಸ್ಪತ್ರೆಯ ಆ ಕೂಸು ಅವಳ ಭುಜಕ್ಕೆ ಬಂದಿತ್ತು. ಒಂದನೇ ತರಗತಿಯಿಂದ ಇಂಗ್ಲಿಷ್ ಕಲಿತ ಮಗು. ಆ ವರ್ಷದ ಅರ್ಜಿ ಇಂಗ್ಲಿಷಿನಲ್ಲೇ ಅಚ್ಚಾಗಿತ್ತು. ತಾಯಿ ಪೆನ್ನು ಹಿಡಿದಳು, ಮಗಳು ಒಂದೊಂದೇ ಸಾಲು ಬೆರಳಿಟ್ಟು ಓದಿ, ಕನ್ನಡದಲ್ಲಿ ಹೇಳುತ್ತ ಹೋದಳು. ಹೆಸರು, ಊರು, ಹುಟ್ಟಿದ ತಾರೀಖು. ದೊಡ್ಡ ದೊಡ್ಡ ಅಕ್ಷರದಲ್ಲಿ, ಗೆರೆಯ ಮೇಲೆ ಕೂರಿಸಿ ತಾಯಿ ಬರೆದಳು. ಕಾಗುಣಿತ ಒಂದೂ ತಪ್ಪಿರಲಿಲ್ಲ. ತಾಯಿಯ ವಿದ್ಯಾರ್ಹತೆ ಎಂಬ ಸಾಲಿಗೆ ಬಂದಾಗ ಮಗಳು ಓದಿ ಹೇಳುವ ಮುಂಚೆಯೇ ಅವಳಿಗೆ ಅದು ಅರ್ಥವಾಗಿತ್ತೆಂದು ಕಾಣುತ್ತದೆ. ಪೆನ್ನ ನಿಂತಿತು. ಎಸ್ ಎಸ್ ಎಲ್ ಸಿ ಎಂದು ನಾಲ್ಕು ಅಕ್ಷರ ಬರೆದು ತಲೆ ಎತ್ತಿದಳು.

"ಮುಂದ ಫೇಲ್ ಅಂತ ಬರೀಬೇಕೇನ್ರಿ ಅಕ್ಕೋರ?"

ಮಗಳು ತಾಯಿಯ ಮುಖ ನೋಡಿ, ನನ್ನ ಮುಖ ನೋಡಿದಳು. ಹಿಂದೆ ಸಾಲಿನಲ್ಲಿ ಇನ್ನೂ ಹತ್ತು ಮಂದಿ ಕೊಡೆ ಮಡಿಸಿಕೊಂಡು ನಿಂತಿದ್ದರು. "ಬ್ಯಾಡವಾ, ಅಷ್ಟ ಸಾಕು" ಎಂದು ನಾನು ಅರ್ಜಿಯನ್ನು ನನ್ನ ಕಡೆ ಎಳೆದುಕೊಂಡೆ.